‘ಉದ್ಯೋಗ: ಕೂಲಿ’ ಎಂದು ಬರೆದ ವೈದ್ಯರಿಗೆ ಒಂದು ಬಹಿರಂಗ ಪತ್ರ

ಗೆ,
ಕರ್ನಾಟಕದ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ವೈದ್ಯರಿಗೆ, ಇಎಸ್‌ಐ (ನೌಕರರ ರಾಜ್ಯ ವಿಮೆ) ಚಿಕಿತ್ಸಾಲಯಗಳ ವೈದ್ಯಾಧಿಕಾರಿಗಳಿಗೆ, ಬಡಾವಣೆಯ ಸಣ್ಣ ಕ್ಲಿನಿಕ್ಕಿನಲ್ಲಿ ಕೂತು ದುಡಿಯುವ ಜನರನ್ನು ನೋಡುವ ಎಲ್ಲ ಡಾಕ್ಟರರಿಗೆ

ಮಾನ್ಯರೇ,

ನಮಸ್ಕಾರ. ನಾನು ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಈಗ ನನ್ನೆದುರು ಒಂದು ಪ್ಲಾಸ್ಟಿಕ್ ಕವರಿದೆ. ಅದರಲ್ಲಿ ನನ್ನ ತಮ್ಮನ ಓಪಿಡಿ ಚೀಟಿಗಳು, ರಕ್ತ ಪರೀಕ್ಷೆಯ ವರದಿಗಳು, ಒಂದು ಸ್ಕ್ಯಾನಿಂಗ್ ರಿಪೋರ್ಟು ಇವೆ. ಏಳು ತಿಂಗಳಲ್ಲಿ ಅವನು ನಾಲ್ಕು ಕಡೆ ತೋರಿಸಿಕೊಂಡ. ಹೆಸರು, ವಯಸ್ಸು, ವಿಳಾಸದ ಕೆಳಗೆ ಚೀಟಿಯಲ್ಲಿ ‘ಉದ್ಯೋಗ’ ಎಂಬ ಕಾಲಂ ಇದೆ. ಮೊದಲ ಮೂರು ಕಡೆಯ ಪೈಕಿ ಒಂದರಲ್ಲಿ ಅದು ಖಾಲಿ. ಎರಡರಲ್ಲಿ ‘ಕೂಲಿ’ ಎಂದಿದೆ. ನಾನು ಈ ಪತ್ರ ಬರೆಯುತ್ತಿರುವುದು ಆ ಒಂದು ಕಾಲಮ್ಮಿನ ಬಗ್ಗೆ.

ನನ್ನ ತಮ್ಮನಿಗೆ 34 ವರ್ಷ. ಬೆಂಗಳೂರಿನ ಪಶ್ಚಿಮ ಭಾಗದ ಒಂದು ಶೆಡ್ಡಿನಲ್ಲಿ 11 ವರ್ಷದಿಂದ ಬ್ಯಾಟರಿ ಕೆಲಸ ಮಾಡುತ್ತಿದ್ದ. ಆಟೋ, ಟ್ರ್ಯಾಕ್ಟರ್, ಮನೆಗಳ ಯುಪಿಎಸ್‌ನ ಸತ್ತ ಬ್ಯಾಟರಿಗಳು ಅಲ್ಲಿಗೆ ಬರುತ್ತವೆ. ಆಸಿಡ್ ನೀರನ್ನು ಚೆಲ್ಲಿ, ಮೇಲಿನ ಮುಚ್ಚಳ ಕೊಯ್ದು, ಪ್ಲೇಟುಗಳನ್ನು ಹೊರಗೆಳೆಯಬೇಕು. ಚೆನ್ನಾಗಿರುವ ಪ್ಲೇಟನ್ನು ಬ್ರಷ್‌ನಿಂದ ಉಜ್ಜಿ ಮತ್ತೆ ಜೋಡಿಸುತ್ತಾರೆ. ಕೆಟ್ಟದ್ದನ್ನು ಬಾಣಲೆಗೆ ಹಾಕಿ ಕರಗಿಸುತ್ತಾರೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಇದ್ದಿಲು ಒಲೆಯ ಶಾಖ ಅದಕ್ಕೆ ಧಾರಾಳ ಸಾಕು. ಕರಗಿದ ಸೀಸವನ್ನು ಸೌಟಿನಲ್ಲಿ ತೆಗೆದು ಅಚ್ಚಿಗೆ ಹುಯ್ದು ಟರ್ಮಿನಲ್ ಮಾಡುತ್ತಾರೆ. ಮೇಲೆ ಕಟ್ಟಿದ ಕಿಟ್ಟವನ್ನು ಕೆರೆದು ಮೂಲೆಗೆ ಎಸೆಯುತ್ತಾರೆ. ಆರು ಜನರ ಕೆಲಸ ಅದು. ಬಾಯಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು. ದಿನಕ್ಕೊಂದು ಲೋಟ ಹಾಲು ಮಾಲೀಕರೇ ಕೊಡಿಸುತ್ತಿದ್ದರು, ‘ಸೀಸ ಕಟ್ಟು ಹಾಕುತ್ತೆ’ ಎಂದು. ಅವರ ಮನಸ್ಸು ಕೆಟ್ಟದ್ದಲ್ಲ, ಅವರ ಮಗನೂ ಅದೇ ಶೆಡ್ಡಿನಲ್ಲಿ ಕೂರುತ್ತಾನೆ. ಆದರೆ ಹಾಲು ಸೀಸವನ್ನು ಕಟ್ಟುವುದಿಲ್ಲ, ಟವೆಲ್ ಅದರ ಹೊಗೆಯನ್ನು ತಡೆಯುವುದಿಲ್ಲ.

ಹೋದ ಆಷಾಢದಲ್ಲಿ ಅವನಿಗೆ ಹೊಟ್ಟೆನೋವು ಶುರುವಾಯಿತು. ಕರುಳು ಹಿಂಡಿದ ಹಾಗೆ ಬಂದು ಹೋಗುವ ನೋವು, ಜೊತೆಗೆ ಮಲಬದ್ಧತೆ, ಸುಸ್ತು. ಮೊದಲ ಕ್ಲಿನಿಕ್ಕಿನಲ್ಲಿ ಗ್ಯಾಸಿನ ಮಾತ್ರೆ ಕೊಟ್ಟರು. ಎರಡನೆಯ ಕಡೆ ರಕ್ತ ಪರೀಕ್ಷೆ ಮಾಡಿಸಿದರು. ಎಸ್‌ಜಿಪಿಟಿ 118, ಎಸ್‌ಜಿಒಟಿ 96. ಇವೆರಡೂ ಯಕೃತ್ತಿಗೆ, ಅಂದರೆ ಲಿವರ್‌ಗೆ, ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವಗಳು; ಸುಮಾರು 40ರೊಳಗೆ ಇರಬೇಕಾದವು. ಹಿಮೋಗ್ಲೋಬಿನ್ 9.2. ಡಾಕ್ಟರು ವರದಿ ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಕುಡೀತೀಯಾ?’

ನಾನು ಪಕ್ಕದಲ್ಲೇ ಇದ್ದೆ. ತಮ್ಮ ಸುಳ್ಳು ಹೇಳಲಿಲ್ಲ. ‘ತಿಂಗಳಿಗೆ ಒಂದೋ ಎರಡೋ ಸಲ ಸಾರ್’ ಅಂದ. ಅಲ್ಲಿಗೆ ಮುಗಿಯಿತು. ‘ಲಿವರ್ ಹೋಗ್ತಾ ಇದೆ, ಬಿಡ್ಬೇಕು’ ಎಂದು ಹೇಳಿ, ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಬರೆದರು. ಮೂರನೆಯ ಆಸ್ಪತ್ರೆ ದೊಡ್ಡದು. ಅಲ್ಲಿ ಹೆಪಟೈಟಿಸ್ ಬಿ, ಸಿ ಎರಡನ್ನೂ ನೋಡಿದರು, ಇಲ್ಲ ಎಂದು ಬಂತು. ಸ್ಕ್ಯಾನಿಂಗ್‌ನಲ್ಲಿ ಸ್ವಲ್ಪ ಕೊಬ್ಬು ಕಂಡಿತು. ಅಲ್ಲಿಯೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಬೈಗುಳ. ಕೈಗಳ ಗೆರೆಗಳಲ್ಲಿ ಬೂದು ಬಣ್ಣ ಇಳಿದು ಕೂತಿದ್ದ ಮನುಷ್ಯ ಅವರೆದುರು ಕೂತಿದ್ದ. ಆ ಕೈ ಏನು ಮಾಡುತ್ತದೆ ಎಂದು ಯಾರೂ ಕೇಳಲಿಲ್ಲ.

ಕಾರ್ತಿಕದಲ್ಲಿ ತಮ್ಮ ಅಯ್ಯಪ್ಪನ ಮಾಲೆ ಹಾಕಿದ. ಪ್ರತಿ ವರ್ಷ ಹಾಕುವವನೇ. 41 ದಿನ ಹೆಂಡ ಇಲ್ಲ, ಬೀಡಿ ಇಲ್ಲ, ಒಂದು ಹೊತ್ತಿನ ಊಟ, ತಣ್ಣೀರಿನ ಸ್ನಾನ. ಕೆಲಸಕ್ಕೆ ಮಾತ್ರ ಹೋಗುತ್ತಿದ್ದ, ಕಪ್ಪು ಪಂಚೆ ಉಟ್ಟು ಬಾಣಲೆಯ ಮುಂದೆ ನಿಲ್ಲುತ್ತಿದ್ದ. ಮಲೆಗೆ ಹೋಗಿ ಬಂದ ಮೇಲೆ ಮತ್ತೆ ರಕ್ತ ಕೊಟ್ಟ. ಎಸ್‌ಜಿಪಿಟಿ 124. ಕುಡಿತ ಬಿಟ್ಟರೂ ಏರಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ ‘ಕುಡಿಯೋರು ನಿಜ ಹೇಳ್ತಾರಾ ಮೇಡಂ?’ ಎಂಬ ಉತ್ತರ ಡಾಕ್ಟರರಿಂದ ಬಂತು. ಮಾಲೆ ಹಾಕಿದ್ದವನಿಗೆ ಆ ಮಾತು ಹೊಟ್ಟೆನೋವಿಗಿಂತ ಹೆಚ್ಚು ನೋವು ಕೊಟ್ಟಿತು. ಆಮೇಲೆ ಅವನು ಎರಡು ತಿಂಗಳು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಯಾರೋ ಹೇಳಿದರೆಂದು ಕಾಮಾಲೆಗೆ ಕೊಡುವ ನಾಟಿ ಪುಡಿ ತಿನ್ನಲು ಹೊರಟಿದ್ದ. ಅಂಥ ಕೆಲವು ಪುಡಿ, ಭಸ್ಮಗಳಲ್ಲೇ ಸೀಸ, ಪಾದರಸ ಇರುವುದನ್ನು ಪರೀಕ್ಷೆಗಳು ತೋರಿಸಿವೆ. ನಾನು ಕಾಡಿ ಬೇಡಿ ಬಿಡಿಸಿದೆ.

ನಾಲ್ಕನೆಯ ಆಸ್ಪತ್ರೆಯಲ್ಲಿ ಒಬ್ಬ ಯುವ ವೈದ್ಯೆ ಇದ್ದರು. ನಾಲಿಗೆ ನೋಡಲು ಬಾಯಿ ತೆರೆಸಿದವರು ಟಾರ್ಚನ್ನು ಒಸಡಿನ ಮೇಲೆ ಹಿಡಿದು ನಿಂತರು. ಹಲ್ಲಿನ ಬುಡದಲ್ಲಿ ಕಪ್ಪು ನೀಲಿಯ ತೆಳು ಗೆರೆ. ‘ನೀವು ಏನು ಕೆಲಸ ಮಾಡ್ತೀರ?’ ಎಂದು ಕೇಳಿದರು. ಏಳು ತಿಂಗಳಲ್ಲಿ ಮೊದಲ ಸಲ. ತಮ್ಮ ಹೇಳುತ್ತಾ ಹೋದ, ಅವರು ಬರೆಯುತ್ತಾ ಹೋದರು: ಎಷ್ಟು ವರ್ಷ, ದಿನಕ್ಕೆ ಎಷ್ಟು ಹೊತ್ತು ಬಾಣಲೆಯ ಮುಂದೆ, ಊಟ ಎಲ್ಲಿ ಕೂತು ಮಾಡುತ್ತಾನೆ, ಕೈ ಎಲ್ಲಿ ತೊಳೆಯುತ್ತಾನೆ, ಬಟ್ಟೆ ಎಲ್ಲಿ ಬದಲಿಸುತ್ತಾನೆ. ಆ ಹಳೆಯ ವರದಿಗಳನ್ನೇ ಅವರು ಬೇರೆ ಕಣ್ಣಿನಿಂದ ಓದಿದರು. ಕುಡಿತದಿಂದ ಆಗುವ ಯಕೃತ್ತಿನ ತೊಂದರೆಯಲ್ಲಿ ಸಾಮಾನ್ಯವಾಗಿ ಎಸ್‌ಜಿಒಟಿ ಮುಂದಿರುತ್ತದೆ, ಇವನಲ್ಲಿ ಎಸ್‌ಜಿಪಿಟಿ ಮುಂದಿದೆ ಎಂದು ತೋರಿಸಿದರು. ರಕ್ತದ ಲೇಪವನ್ನು ಮತ್ತೆ ನೋಡಿಸಿದಾಗ ಕೆಂಪು ಕಣಗಳಲ್ಲಿ ನೀಲಿ ಚುಕ್ಕೆಗಳು ಕಂಡವು; ಒಸಡಿನ ಗೆರೆಯಂತೆ ಇದೂ ಸೀಸದ ಸುಳಿವು. ಸೀಸದ ಪರೀಕ್ಷೆಗೆ ರಕ್ತ ಹೋಯಿತು. ಪ್ರತಿ ಡೆಸಿಲೀಟರ್‌ಗೆ 68 ಮೈಕ್ರೋಗ್ರಾಂ ಎಂದು ಬಂತು. 5 ಮೈಕ್ರೋಗ್ರಾಂ ಮುಟ್ಟಿದರೇ ಮೂಲ ಹುಡುಕಿ ತಪ್ಪಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರಡಿಸಿದ ಮಾರ್ಗಸೂಚಿ. ಅದರ ಕೆಳಗಿನ ಮಟ್ಟವೂ ಸುರಕ್ಷಿತ ಎಂದು ಅದು ಹೇಳುವುದಿಲ್ಲ.

ಆ ವೈದ್ಯೆ ಪ್ರಾಮಾಣಿಕರು. ‘ಲಿವರ್ ತೊಂದರೆ ಪೂರ್ತಿ ಸೀಸದ್ದೇ ಎಂದು ನಾನು ಬರೆದುಕೊಡಲಾರೆ’ ಎಂದರು. ಕೊಬ್ಬಿನ ಪಾಲೂ ಇರಬಹುದು, ಅವನು ಕುಡಿದಷ್ಟರ ಪಾಲೂ ಇರಬಹುದು. ಸೀಸದ ಹೆಚ್ಚಿನ ಹಾನಿ ಮಿದುಳು, ನರ, ಮೂತ್ರಪಿಂಡ, ರಕ್ತದ ಮೇಲೆ ಎಂಬುದೂ ನಿಜ. ಆದರೆ ದೇಹಕ್ಕೆ ಹೊಕ್ಕ ಲೋಹ ಯಕೃತ್ತನ್ನು ಮುಟ್ಟದೆ ಹೋಗುವುದಿಲ್ಲ. ವಿಷವನ್ನು ಎದುರಿಸಲು ಯಕೃತ್ತು ಇಟ್ಟುಕೊಂಡಿರುವ ಗ್ಲುಟಾಥಯೋನನ್ನು ಸೀಸ ಕಬಳಿಸುತ್ತದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಅಂಶ ತಯಾರಾಗುವ ದಾರಿಗೆ ಅಡ್ಡ ನಿಲ್ಲುತ್ತದೆ. ಆ ಹೀಮ್ ರಕ್ತಕ್ಕಷ್ಟೇ ಅಲ್ಲ, ಔಷಧಗಳನ್ನೂ ಸ್ವಲ್ಪ ಮಟ್ಟಿಗೆ ಹೆಂಡವನ್ನೂ ಕರಗಿಸುವ ಯಕೃತ್ತಿನ ಕಿಣ್ವಗಳಿಗೂ ಬೇಕು. ಬ್ಯಾಟರಿ ಕೆಲಸದವರಲ್ಲಿ ಈ ಎಸ್‌ಜಿಪಿಟಿ, ಎಸ್‌ಜಿಒಟಿ ಏರಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಹಾಗಾದರೆ ತಿಂಗಳಿಗೆರಡು ಸಲ ಕುಡಿಯುವವನೆಂದರೆ ಸೀಸದ ಬಗ್ಗೆ ಕೇಳಲು ಇನ್ನೊಂದು ಕಾರಣ ಸಿಕ್ಕಂತೆ. ಅದನ್ನೇ ಕೇಳದಿರುವುದಕ್ಕೆ ಕಾರಣ ಮಾಡಿಕೊಂಡರಲ್ಲ ಎಂಬುದು ನನ್ನ ದೂರು.

ಸೀಸವೊಂದೇ ಅಲ್ಲ. ತಮ್ಮನ ಪಕ್ಕದ ಹಾಸಿಗೆಯಲ್ಲಿದ್ದವರು ಕ್ರೋಮ್ ಪ್ಲೇಟಿಂಗ್ ಶೆಡ್ಡಿನವರು. ಮೂಗಿನ ನಡುಗೋಡೆಯಲ್ಲಿ ತೂತು ಬಿದ್ದಿತ್ತು, ಬೆರಳ ಸಂದಿಯಲ್ಲಿ ಮಾಯದ ಹುಣ್ಣು. ಅಕ್ಕಸಾಲಿಗರನ್ನು ನೆನೆಯಿರಿ. ‘ಕೆಡಿಎಂ ಚಿನ್ನ’ ಎಂದು ನಾವು ಹೆಮ್ಮೆಯಿಂದ ಕೇಳಿ ಕೊಂಡವರು. ಆ ಕೆಡಿಎಂ ಎಂದರೆ ಕ್ಯಾಡ್ಮಿಯಂ. ಬೆಸುಗೆಯಲ್ಲಿ ಅದು ಹೊಗೆಯಾಗಿ ಹೋದರೆ ಒಡವೆಯ ಶುದ್ಧತೆ ಉಳಿಯುತ್ತದೆ. ಹೋಗುವುದು ಊದುಗೊಳವೆ ಹಿಡಿದವನ ಶ್ವಾಸಕೋಶಕ್ಕೆ. ಅಲ್ಲಿಂದ ಅದು ಸೇರುವುದು ಯಕೃತ್ತನ್ನು. ಯಕೃತ್ತು ಮೆಟಲೋಥಯೊನೀನ್ ಎಂಬ ಪ್ರೋಟೀನಿನಲ್ಲಿ ಅದನ್ನು ಕಟ್ಟಿಡುತ್ತದೆ, ಕಾಲಕ್ರಮದಲ್ಲಿ ಅದು ಮೂತ್ರಪಿಂಡಕ್ಕೆ ಇಳಿದು ದಶಕಗಟ್ಟಲೆ ಅಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಆರ್ಸೆನಿಕ್ ಸೇರಿದವರಲ್ಲಿ ಹನಿ ಹೆಂಡ ಮುಟ್ಟದಿದ್ದರೂ ಯಕೃತ್ತಿನ ರಕ್ತನಾಳದ ಸುತ್ತ ನಾರು ಬೆಳೆದು ರಕ್ತ ವಾಂತಿಯಾಗುವ ಮಟ್ಟಕ್ಕೆ ಹೋಗಬಹುದು. ಇದನ್ನೆಲ್ಲ ನಿಮಗೆ ಹೇಳಲು ನಾನು ಯಾರು? ನೀವು ಓದಿದವರು. ಆದರೆ ಓದಿದ್ದು ನೆನಪಾಗಬೇಕಾದರೆ ಎದುರಿಗಿರುವವನ ಕೆಲಸ ಗೊತ್ತಿರಬೇಕಲ್ಲ.

ಮುನ್ನೂರು ವರ್ಷಕ್ಕೂ ಹಿಂದೆ, 1700ರಲ್ಲಿ, ಇಟಲಿಯ ವೈದ್ಯ ಬರ್ನಾರ್ಡಿನೊ ರಮಜಿನಿ ತನ್ನ ಜೊತೆಯ ವೈದ್ಯರಿಗೆ ಒಂದು ಮಾತು ಹೇಳಿದ್ದರು. ರೋಗಿಯನ್ನು ಕೇಳಬೇಕಾದ್ದು ಎಂದು ಪ್ರಾಚೀನ ಗ್ರೀಸಿನ ವೈದ್ಯ ಹಿಪೊಕ್ರೆಟಿಸ್ ಹೇಳಿಟ್ಟ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿಕೊಳ್ಳಿ, ‘ನಿನ್ನ ಕಸುಬು ಏನು?’ ಎಂದು. ನಿಮ್ಮ ಓಪಿಡಿಯ ಸಾಲನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ಎಂಟಕ್ಕೇ ಬಾಗಿಲಾಚೆ ದಾಟಿರುತ್ತದೆ, ಒಬ್ಬೊಬ್ಬರಿಗೆ ಎರಡು ನಿಮಿಷವೂ ಸಿಗುವುದಿಲ್ಲ. ಯಕೃತ್ತಿನ ತೊಂದರೆಗೆ ಹೆಂಡ, ಕೊಬ್ಬು, ವೈರಸ್ಸುಗಳೇ ಹೆಚ್ಚಿನ ಕಾರಣ ಎಂಬುದನ್ನೂ ಒಪ್ಪುತ್ತೇನೆ. ‘ಕುಡೀತೀಯಾ’ ಎಂದು ಕೇಳಬೇಡಿ ಎನ್ನುತ್ತಿಲ್ಲ. ಅದರ ಬೆನ್ನಿಗೇ ‘ಏನು ಕೆಲಸ?’ ಎಂದು ಕೇಳಿ. ‘ಕೂಲಿ’ ಎಂದರೆ ‘ಯಾವ ಕೂಲಿ?’ ಎಂದು ಕೇಳಿ. ಕೇಳಿದ್ದನ್ನು ಚೀಟಿಯಲ್ಲಿ ಬರೆಯಿರಿ: ಬ್ಯಾಟರಿ ಕೆಲಸ, 11 ವರ್ಷ. ಅಷ್ಟು ಬರೆದಿದ್ದರೆ ಮುಂದಿನ ವೈದ್ಯರಿಗಾದರೂ ಅದು ಕಣ್ಣಿಗೆ ಬೀಳುತ್ತಿತ್ತು.

ಇದು ಬರೀ ಒಳ್ಳೆಯ ಅಭ್ಯಾಸದ ಮಾತಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 89ನೇ ಕಲಂ ನಿಮ್ಮನ್ನು ಕುರಿತೇ ಇತ್ತು. ಕಾರ್ಖಾನೆಯಲ್ಲಿ ದುಡಿದವನಿಗೆ ಮೂರನೇ ಅನುಸೂಚಿಯಲ್ಲಿ, ಅಂದರೆ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿ, ಇರುವ ಕಾಯಿಲೆ ಇದೆ ಎಂದು ವೈದ್ಯರಿಗೆ ಅನ್ನಿಸಿದರೆ ತಡಮಾಡದೆ ಮುಖ್ಯ ಇನ್ಸ್‌ಪೆಕ್ಟರರ ಕಚೇರಿಗೆ ಬರೆದು ತಿಳಿಸಬೇಕಿತ್ತು: ರೋಗಿಯ ಹೆಸರು ವಿಳಾಸ, ಕಾಯಿಲೆ, ಕಾರ್ಖಾನೆಯ ಹೆಸರು ವಿಳಾಸ. ಆ ಅನುಸೂಚಿಯ ಮೊದಲ ಸಾಲೇ ಸೀಸದ ವಿಷ. ವಿಷವಸ್ತುಗಳಿಂದ ಬರುವ ಕಾಮಾಲೆಯೂ ಅದರಲ್ಲಿತ್ತು. ತಿಳಿಸಿದ ವೈದ್ಯರಿಗೆ ಶುಲ್ಕ ಕೊಟ್ಟು ಅದನ್ನು ಕಾರ್ಖಾನೆಯವರಿಂದ ವಸೂಲು ಮಾಡಬೇಕೆಂದೂ, ತಿಳಿಸದವರಿಗೆ 1000 ರೂಪಾಯಿವರೆಗೆ ದಂಡವೆಂದೂ ಅದೇ ಕಲಂ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಹೊಸ ಸಂಹಿತೆಯೂ ವೈದ್ಯರ ಈ ಹೊಣೆಯನ್ನು ಉಳಿಸಿಕೊಂಡಿದೆ. ಕಾಯಿಲೆ ದಾಖಲಾಗದಿದ್ದರೆ ಸರ್ಕಾರದ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ನನ್ನ ತಮ್ಮ ಯಾವ ಲೆಕ್ಕಕ್ಕಾದರೂ ಸೇರಿದ್ದರೆ ಅದು ಕುಡುಕರ ಲೆಕ್ಕ.

ಆ ಯುವ ವೈದ್ಯೆ ಪತ್ರ ಬರೆಯಲು ಕೂತರು. ಅಲ್ಲಿ ಇನ್ನೊಂದು ಗೋಡೆ ಎದುರಾಯಿತು. ಆರು ಜನರ ಶೆಡ್ಡು ಕಾನೂನಿನ ಕಣ್ಣಿಗೆ ಕಾರ್ಖಾನೆಯೇ ಅಲ್ಲ. ವಿದ್ಯುತ್ ಬಳಸುವ ಕಡೆ ಹಳೆಯ ಕಾಯ್ದೆಗೆ 10 ಕಾರ್ಮಿಕರು ಬೇಕಿತ್ತು, ಹೊಸ ಸಂಹಿತೆಗೆ 20 ಬೇಕು. ಇಎಸ್‌ಐಗೂ ಸಾಮಾನ್ಯವಾಗಿ 10 ಜನ ಬೇಕು. ದೇಹದೊಳಗೆ ಹೋಗುವ ಸೀಸ ಶೆಡ್ಡಿನಲ್ಲಿ ಎಷ್ಟು ಜನರಿದ್ದಾರೆಂದು ಎಣಿಸುವುದಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಹೊಗೆ ಎಳೆಯುವ ಯಂತ್ರ, ಬಟ್ಟೆ ಬದಲಿಸುವ ಕೋಣೆ, ಆಗಾಗ ರಕ್ತ ಪರೀಕ್ಷೆ ಇರಬಹುದು. ಆರು ಜನರ ಶೆಡ್ಡಿನಲ್ಲಿ ಅವು ಯಾವುವೂ ಇರುವುದಿಲ್ಲ. ಅಪಾಯ ಹೆಚ್ಚಿರುವಲ್ಲೇ ಕಾನೂನು ಕೈ ಬಿಟ್ಟಿದೆ.

ಆದ್ದರಿಂದ ಈ ಪತ್ರದ ಪ್ರತಿಯನ್ನು ರಾಜ್ಯದ ಕಾರ್ಮಿಕ ಸಚಿವರಿಗೂ ಆರೋಗ್ಯ ಸಚಿವರಿಗೂ ಕಳಿಸುತ್ತಿದ್ದೇನೆ. ಕಾರ್ಮಿಕ ಸಚಿವರಲ್ಲಿ ನನ್ನ ಬೇಡಿಕೆ ಇಷ್ಟು: ಸೀಸ ಕರಗಿಸುವ, ಕ್ರೋಮ್ ಲೇಪಿಸುವ, ಕ್ಯಾಡ್ಮಿಯಂ ಬೆಸುಗೆ ಹಾಕುವ ಜಾಗದಲ್ಲಿ ಇಬ್ಬರೇ ದುಡಿಯುತ್ತಿದ್ದರೂ ಅದು ತಪಾಸಣೆಯೊಳಗೆ ಬರಲಿ. ಹಳೆಯ ಕಾಯ್ದೆಯ 85ನೇ ಕಲಂ ಕಾರ್ಮಿಕರ ಸಂಖ್ಯೆ ನೋಡದೆ ಯಾವ ಜಾಗವನ್ನಾದರೂ ಕಾರ್ಖಾನೆಯೆಂದು ಘೋಷಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿತ್ತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಕೇಂದ್ರ ಸರ್ಕಾರ ಅಪಾಯಕಾರಿ ಎಂದು ಅಧಿಸೂಚಿಸಿದ ಕೆಲಸದಲ್ಲಿ ಒಬ್ಬನೇ ಕಾರ್ಮಿಕನಿದ್ದರೂ ಇಎಸ್‌ಐ ಅನ್ವಯಿಸುತ್ತದೆ. ಬ್ಯಾಟರಿ ಒಡೆಯುವ, ಕಟ್ಟುವ ಕೆಲಸವನ್ನು ಆ ಪಟ್ಟಿಗೆ ಸೇರಿಸುವಂತೆ ರಾಜ್ಯ ದೆಹಲಿಯನ್ನು ಒತ್ತಾಯಿಸಲಿ. ಶೆಡ್ಡುಗಳನ್ನು ರಾತ್ರೋರಾತ್ರಿ ಮುಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ಮುಚ್ಚಿಸಿದರೆ ಬಾಣಲೆ ಊರಾಚೆಯ ತೋಟಕ್ಕೆ ಹೋಗುತ್ತದೆ, ಹೊಗೆ ನಿಲ್ಲುವುದಿಲ್ಲ. ಹಳೆಯ ಬ್ಯಾಟರಿಗಳ ಬಗ್ಗೆ 2001ರಲ್ಲೇ ನಿಯಮ ಬಂತು, 2022ರಲ್ಲಿ ಹೊಸದೂ ಬಂತು. ಆದರೂ ಗುಜರಿಯ ದಾರಿಯಿಂದ ಅವು ಶೆಡ್ಡಿಗೆ ಬರುವುದು ನಿಂತಿಲ್ಲ.

ಆರೋಗ್ಯ ಸಚಿವರಲ್ಲಿ: ಜಿಲ್ಲಾ ಆಸ್ಪತ್ರೆಗಳಲ್ಲಿ ಸೀಸದ ರಕ್ತ ಪರೀಕ್ಷೆಗೆ ಉಚಿತ ವ್ಯವಸ್ಥೆಯಾಗಲಿ. ಯಂತ್ರ ಎಲ್ಲ ಕಡೆ ಬೇಕಿಲ್ಲ, ಸರಿಯಾದ ಟ್ಯೂಬಿನಲ್ಲಿ ರಕ್ತ ತೆಗೆದು ಕಳಿಸುವ ಏರ್ಪಾಡು ಸಾಕು. ಸೀಸದ ವಿಷಕ್ಕೆ ದೇಶದ ರೆಫರಲ್ ಕೇಂದ್ರ ಹುಟ್ಟಿದ್ದು ಇದೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ, ಡಾ. ತುಪ್ಪಿಲ್ ವೆಂಕಟೇಶ್ ಅವರ ದುಡಿಮೆಯಿಂದ. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. ಇಷ್ಟೆಲ್ಲ ತಿಳಿವಳಿಕೆ ಕೂಗಳತೆಯಲ್ಲಿರುವ ಊರಿನಲ್ಲಿ ಒಬ್ಬನ ಕಾಯಿಲೆಗೆ ಹೆಸರು ಸಿಗಲು ಏಳು ತಿಂಗಳು ಹಿಡಿಯಿತು. ಓಪಿಡಿ ಚೀಟಿಯಲ್ಲಿ ‘ಉದ್ಯೋಗ’ದ ಪಕ್ಕ ‘ಯಾವ ಕೆಲಸ, ಎಷ್ಟು ವರ್ಷ’ ಎಂಬ ನಾಲ್ಕು ಪದ ಮುದ್ರಿಸಲು ಖರ್ಚೇನೂ ಇಲ್ಲ.

ಮತ್ತೆ ನಿಮ್ಮಲ್ಲಿಗೇ ಬರುತ್ತೇನೆ. ಸೀಸ ಸಿಕ್ಕಿತೆಂದು ಅದನ್ನು ಹೊರತೆಗೆಯುವ ಔಷಧ ಕೊಟ್ಟು ಅದೇ ಬಾಣಲೆಯ ಮುಂದಕ್ಕೆ ವಾಪಸು ಕಳಿಸಬೇಡಿ. ದೊಡ್ಡವರ ದೇಹದ ಸೀಸದಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚು ಮೂಳೆಯಲ್ಲಿರುತ್ತದೆ. ಔಷಧ ರಕ್ತವನ್ನು ತೊಳೆದರೆ ಮೂಳೆಯಿಂದ ಮತ್ತೆ ಇಳಿಯುತ್ತದೆ, ಮೇಲೆ ದಿನವೂ ಹೊಸದು ಸೇರುತ್ತದೆ. ನಮ್ಮ ವೈದ್ಯೆ ಮೊದಲು ಕೆಲಸ ಬಿಡಿಸಿದರು, ಆಮೇಲೆ ಔಷಧ ಕೊಟ್ಟರು. ನಾಲ್ಕು ತಿಂಗಳ ನಂತರ ಸೀಸ 41ಕ್ಕೂ ಎಸ್‌ಜಿಪಿಟಿ 58ಕ್ಕೂ ಇಳಿದಿವೆ. ಹೊಟ್ಟೆನೋವು ಹೋಗಿದೆ.

ಇನ್ನೊಂದು ಮಾತು, ಇದನ್ನು ಬರೆಯಲು ಕೈ ಬರುತ್ತಿಲ್ಲ. ‘ಮನೆಯಲ್ಲಿ ಮಕ್ಕಳಿದ್ದಾರಾ?’ ಎಂದೂ ಅವರು ಕೇಳಿದ್ದರು. ತಮ್ಮನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಅಪ್ಪ ಬಾಗಿಲಿಗೆ ಬಂದ ಕೂಡಲೇ ಓಡಿ ಹೋಗಿ ಅವನ ಅಂಗಿಗೆ ಮುಖ ಒತ್ತುತ್ತಿದ್ದಳು. ಅವನ ಅಂಗಿಯನ್ನು ಮಗುವಿನ ಬಟ್ಟೆಯ ಜೊತೆಗೇ ನೆನೆಹಾಕುತ್ತಿದ್ದರು. ಅವಳ ರಕ್ತದಲ್ಲಿ 19 ಇತ್ತು. ಬೆಳೆಯುವ ಮಿದುಳಿಗೆ ಸೀಸ ಮಾಡಿದ್ದನ್ನು ಯಾವ ಔಷಧವೂ ಹಿಂದಕ್ಕೆ ತರುವುದಿಲ್ಲ. ನಾನು ಹತ್ತನೇ ತರಗತಿಯ ಮಕ್ಕಳಿಗೆ ಭಾರಲೋಹಗಳು ನರಮಂಡಲಕ್ಕೆ ಕೆಡುಕು ಎಂದು ಬೋರ್ಡಿನ ಮೇಲೆ ಬರೆದು ಕಲಿಸಿದವಳು. ಅದೇ ಸಂಜೆ ತಮ್ಮನ ಮನೆಗೆ ಹೋಗಿ ಆ ಮಗುವನ್ನು ಎತ್ತಿಕೊಂಡವಳು. ಎರಡನ್ನೂ ನಾನು ಜೋಡಿಸಲಿಲ್ಲ. ಹಾಗಾಗಿ ನಿಮ್ಮನ್ನು ಕೇಳುವಾಗ ನನ್ನನ್ನೂ ಸೇರಿಸಿಕೊಂಡೇ ಕೇಳುತ್ತಿದ್ದೇನೆ.

ತಮ್ಮ ಈಗ ತರಕಾರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ, ಸಂಬಳ ಅರ್ಧಕ್ಕೆ ಇಳಿದಿದೆ. ಶೆಡ್ಡಿನಲ್ಲಿ ಅವನ ಜಾಗಕ್ಕೆ ಉತ್ತರ ಕರ್ನಾಟಕದ ಕಡೆಯ ಹತ್ತೊಂಬತ್ತರ ಹುಡುಗ ಸೇರಿದ್ದಾನೆ. ಹೋದ ವಾರ ಬಾಕಿ ಕೂಲಿ ತರಲು ಹೋದಾಗ ತಮ್ಮ ಅವನನ್ನು ಮಾತಾಡಿಸಿ ಬಂದ. ಸಂಜೆಯಾದರೆ ತಲೆನೋವು, ಹೊಟ್ಟೆ ಹಿಡಿದುಕೊಳ್ಳುತ್ತೆ ಅಂದನಂತೆ. ಇವತ್ತೋ ನಾಳೆಯೋ ಆ ಹುಡುಗ ನಿಮ್ಮಲ್ಲಿ ಒಬ್ಬರ ಎದುರು ಬಂದು ಕೂರುತ್ತಾನೆ.

ಇಂತಿ ನಮಸ್ಕಾರಗಳೊಂದಿಗೆ,
ಬ್ಯಾಟರಿ ಕೆಲಸಗಾರನೊಬ್ಬನ ಅಕ್ಕ
ಬೆಂಗಳೂರು